ಹೊರರೋಗಿ ಚೀಟಿ

ತೋಳಿಗೆ ಪಟ್ಟಿ ಸುತ್ತುವಾಗ ಯಾರೂ ಮಾತಾಡಬಾರದು,
ನಫೀಸುನ್ನಿಸಾ ಖಾಲಾ ಮಾತ್ರ ಕೇಳುವವಳಲ್ಲ.
"ಎಸ್ತೇರಮ್ಮಾ, ಇವತ್ತಿಂದು ಬರ್ಕೋಬ್ಯಾಡ.
ಮುಂಜಾನಿ ಎಸ್ಪಿ ಆಫೀಸಿಗಿ ಹೋಗಿದ್ದೆ.
ಈ ಬಿಪಿ ನಂದಲ್ಲ, ಅವರದು."
ನೂರಾ ತೊಂಬತ್ತು, ನೂರಾ ಹತ್ತು.
ಬರೆದುಕೊಂಡೆ. ಯಾರದೆಂದು ಕೇಳುವ ಕಾಲಂ
ಸರ್ಕಾರಿ ರಿಜಿಸ್ಟರಿನಲ್ಲಿ ಇಲ್ಲ.

ಚೌಬಾರಾದ ಹಿಂದಿನ ಓಣಿ,
ಅಲ್ಲೊಂದು ಬಾವಿ.
ಅದರ ನೀರಿನ ರುಚಿಯನ್ನು ಕರಾಚಿಯಲ್ಲಿ ಕೂತು
ದಿನಾ ಊಟದ ಹೊತ್ತಿಗೆ ಹೇಳುತ್ತಿದ್ದನಂತೆ ಅಪ್ಪ,
ನಲವತ್ತೆಂಟರಲ್ಲಿ ಬೀದರ ಬಿಟ್ಟವನು.
ಎಪ್ಪತ್ತೊಂಬತ್ತರಲ್ಲಿ ಮಗಳನ್ನು
ಅಕ್ಕನ ಮಗನಿಗೆ ಕೊಟ್ಟು ಅಟಾರಿಯ ರೈಲು ಹತ್ತಿಸಿದ.
ಬಂದು ಸೇದಿದರೆ ನೀರು ಸವಳು.
"ಸಿಹಿ ಅದ ಅಂತ ಕಾಗದ ಬರದೆ.
ಮೊದಲ್ನೆ ಸುಳ್ಳು, ಈ ಊರಾಗಿಂದು."

ಮಗ ಹುಟ್ಟಿದ, ಇಲ್ಲಿಯವನು.
ಮೊಮ್ಮಗಳು ಹುಟ್ಟಿದಳು, ಇಲ್ಲಿಯವಳು.
ಅಂಗಳದ ಆಡೂ ಇಲ್ಲಿಯದೇ, ಹುಮನಾಬಾದ ಸಂತೆಯದು.
"ಮನಿ ತುಂಬ ನಾ ಒಬ್ಬಾಕಿ ಪರದೇಸಿ" ಎಂದು ನಗುವಳು.
ಆ ಮಾತಿಗೆ ನಮ್ಮಲ್ಲಿ ಎರಡು ಅರ್ಥ.
ಎರಡೂ ಗೊತ್ತಾಕೆಗೆ.

ಬಲಗಣ್ಣಿಗೆ ಮೋತಿಬಿಂದು ಬಂದ ವರ್ಷ
ಡಾಕ್ಟರು ಹೈದರಾಬಾದಿಗೆ ಬರೆದುಕೊಟ್ಟರು.
ಜಹೀರಾಬಾದು ಬಸ್ಸಿಗೆ ಒಂದು ನಿದ್ದೆಯ ದೂರ,
ಅದೂ ಆಕೆಗೆ ವಿಲಾಯತಿ.
ಜಿಲ್ಲೆ ದಾಟುವ ಪರವಾನಗಿ
ಮೇಜಿನಿಂದ ಮೇಜಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ
ಬಿಂದು ಬಲಿತು ಕಲ್ಲಾಗಿತ್ತು.
ಈಗಲೂ ಬಲಕ್ಕೆ ಬಂದು ನಿಂತವರನ್ನು
ಆಕೆ ದನಿಯಿಂದಲೇ ಗುರುತಿಸುತ್ತಾಳೆ.

ವಿದೇಶಿಯರ ಟೇಬಲ್ಲಿನ ಪೇದೆ ಘಾಳೆಪ್ಪ
ನಾಳೆ ಬಾ ಎನ್ನುವನು. ನಾಳೆ ಹೋದರೆ, ಸೋಮವಾರ ಬಾ.
ಫ್ಯಾನಿನ ಕೆಳಗೆ ಕುರ್ಚಿ ಮಾತ್ರ ತಪ್ಪಿಸಲಿಲ್ಲ.
ಚಹಾ ತರಿಸುವನು, ಸಕ್ರಿ ಇಲ್ಲದ್ದು.
ಕನ್ನಡದಲ್ಲಿ ಸಹಿ ಕಲಿಸಿದವನೂ ಅವನೇ,
ಹಳೆಯ ಅರ್ಜಿಯ ಹಿಂಬದಿಯಲ್ಲಿ.
'ನ್ನಿ'ಗೆ ಒತ್ತು ಕೊಡುವಾಗ
ಇಂದಿಗೂ ಆಕೆಯ ಕೈ ತುಸು ನಿಲ್ಲುತ್ತದೆ.

ನಲವತ್ತೆರಡು ವರ್ಷದ ಮೇಲೆ ಪೌರತ್ವ ಬಂತು.
ಹಸಿರು ಪಾಸ್‌ಪೋರ್ಟು ಒಪ್ಪಿಸಿದ್ದನ್ನು ಕೇಳಿ
ಆ ಕಡೆ ತಮ್ಮ ಫೋನಿನಲ್ಲಿ ಅತ್ತನಂತೆ:
"ಆಪಾ, ಇನ್ನ ನಾ ಸತ್ರ?"
"ನೀ ಮೊದಲ ಗುಳಿಗಿ ತಗೋ" ಎಂದಿಟ್ಟಳಂತೆ ಖಾಲಾ.
ನಮಗೆಲ್ಲ ಬಾಲೂಶಾ ಹಂಚಿದಳು, ತಾನೂ ಎರಡು ತಿಂದಳು.
ಬಿಪಿ ನೋಡಿದೆ. ನೂರಾ ಮೂವತ್ತಾರು, ಎಂಬತ್ತೆರಡು.
ಇಷ್ಟು ವರ್ಷ ಬರೆದ ಗುಳಿಗೆಗಳೆಲ್ಲ
ನಾಚಿಕೊಳ್ಳಬೇಕು ಅನಿಸಿತು ನನಗೆ.

ಮೂರನೆಯ ತಿಂಗಳು ಸಕ್ಕರೆ ಮುನ್ನೂರಾ ಹತ್ತು.
"ನಡಿತೀ ಇಲ್ಲೋ?"
"ಎಲ್ಲಿಗಿ ನಡಿಲಿ? ಯಾರ್ ಕರಿಲತ್ತಾರ?"
ಆಗ ಹೊಳೆಯಿತು.
ಚೌಬಾರಾದಿಂದ ಆ ಆಫೀಸಿಗೆ, ಅಲ್ಲಿಂದ ಮನೆಗೆ,
ನಾಳೆ ಬಾ, ಸೋಮವಾರ ಬಾ.
ಆ ಕಾಲುಗಳು ಈಗ ಹಾಸಿಗೆಯ ಅಂಚಿನಲ್ಲಿ
ಉಬ್ಬಿಕೊಂಡು ಕೂತಿವೆ.
ಘಾಳೆಪ್ಪನೂ ನಿವೃತ್ತನಾಗಿ ಭಾಲ್ಕಿಗೆ ಹೋದ.

ಹೊಸ ಚೀಟಿಯನ್ನು ಮೊಮ್ಮಗಳು ಓದಿ ಹೇಳಿದಳು: ಹೊರರೋಗಿ.
ಖಾಲಾ ಎಡಗಣ್ಣು ನನ್ನತ್ತ ತಿರುಗಿಸಿದಳು.
"ಇನ್ನಾ ಹೊರಗೇ ಏನು ನಾ?"
"ಒಳರೋಗಿ ಆಗೋದು ಬ್ಯಾಡ ಖಾಲಾ,
ಅಲ್ಲಿ ಹಾಸಿಗಿಗೆ ಇಬ್ಬರು."
ನಕ್ಕಳು. ಆಮೇಲೆ ಕೇಳಿದಳು,
"ನಡಿ ಅಂತ ಬರದು ಕೊಡು. ಸಿಕ್ಕಾ ಹೊಡಿ.
ಕಾಗದ ಇಲ್ದೆ ಈ ಕಾಲು ಏಳಂಗಿಲ್ಲ."

ಬರೆದುಕೊಟ್ಟೆ, ಆಸ್ಪತ್ರೆಯ ನೀಲಿ ಸಿಕ್ಕಾ ಒತ್ತಿ.
ಈಗ ಮುಂಜಾನೆ ಆರಕ್ಕೆ, ಮಂಗಲಪೇಟೆಯಲ್ಲಿ
ನಮ್ಮ ಚರ್ಚಿನ ಗಂಟೆಗೂ ಮೊದಲು
ಬಾಗಿಲ ಚಿಲಕ ಬಡಿಯುತ್ತದೆ.
"ಹಾಜರಿ ಹಾಕ್ಕೋ" ಎನ್ನುತ್ತಾಳೆ, ಏದುಸಿರಿನಲ್ಲಿ.
ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೇಲೆ
ಆಕೆಯೇ ಸಹಿ ಮಾಡುತ್ತಾಳೆ, ಇಡೀ ಹೆಸರು,
'ನ್ನಿ'ಯ ಹತ್ತಿರ ನಿಂತು.
ನಾನು ಬಲಕ್ಕೆ ಇದ್ದರೆ ಕೆಮ್ಮುತ್ತೇನೆ.